ಸೋಲಲೊಲ್ಲದ ನಾಯಕ

1972ರ ಕೊನೆಯ ವಾರದಲ್ಲಿ ತೆರೆಗೆ ಬಂದದ್ದು ‘ನಾಗರಹಾವು’. 2009ರಲ್ಲಿ ‘ವೀರ ಮದಕರಿ’. 2014ರಲ್ಲಿ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’. 2016ರಲ್ಲಿ ಮತ್ತೆ ‘ನಾಗರಹಾವು’, ಆದರೆ ಅದು ಬೇರೆಯದೇ ಹಾವು. ಈ ನಾಲ್ಕಕ್ಕೂ ನಮ್ಮ ಚಿತ್ರದುರ್ಗ ಜಿಲ್ಲೆಯ ಋಣವಿದೆ. ಮೊದಲನೆಯದಕ್ಕೆ ದುರ್ಗದ ಕಥೆ, ಎರಡನೆಯದಕ್ಕೆ ದುರ್ಗದ ಪಾಳೆಯಗಾರನ ಹೆಸರು, ಮೂರನೆಯದಕ್ಕೆ ದುರ್ಗದ ಹುಡುಗನೊಬ್ಬನ ನೆನಪು, ನಾಲ್ಕನೆಯದಕ್ಕೆ ಆ ಹುಡುಗನ ಪಾತ್ರ ಮಾಡಿದವರ ಮುಖ. ಸಾಲಾಗಿ ಇಟ್ಟು ನೋಡಿದರೆ ಕಥೆ ಹೇಗೆ ಕರಗುತ್ತ ಹೋಗಿ ಸ್ಟಾರ್ ಮಾತ್ರ ಉಳಿದುಕೊಂಡರು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಇವುಗಳಲ್ಲಿ ಎರಡಕ್ಕೆ ತೆಲುಗಿನ ನೇರ ನಂಟೂ ಇದೆ. ‘ವೀರ ಮದಕರಿ’ಯಲ್ಲಿ ಮದಕರಿ ನಾಯಕನ ಹೆಸರು ಬಿಟ್ಟರೆ ದುರ್ಗದ್ದೇನೂ ಇಲ್ಲ. ಅದು ರಾಜಮೌಳಿ ನಿರ್ದೇಶಿಸಿ ರವಿತೇಜ ನಟಿಸಿದ ‘ವಿಕ್ರಮಾರ್ಕುಡು’ (2006) ಚಿತ್ರದ ರೀಮೇಕು. ಒಬ್ಬ ಕಳ್ಳ, ಅವನದೇ ಮುಖದ ಒಬ್ಬ ಪೊಲೀಸ್ ಅಧಿಕಾರಿ, ಎರಡೂ ಪಾತ್ರಗಳಲ್ಲಿ ಸುದೀಪ್, ನಿರ್ದೇಶನವೂ ಅವರದೇ. ಎರಡು ವರ್ಷದ ಮೇಲೆ ತಮಿಳಿನ ‘ಸಿಂಗಂ’ ಕನ್ನಡಕ್ಕೆ ಬಂದಾಗ ಅದರ ಹೆಸರು ‘ಕೆಂಪೇಗೌಡ’ ಆಯಿತು. ನಾಡಪ್ರಭುಗಳೂ ಪಾಳೆಯಗಾರರೂ ಪೊಲೀಸ್ ಇಲಾಖೆಗೆ ಸೇರಿದ ಕಾಲ ಅದು. 2016ರ ‘ನಾಗರಹಾವು’ ಚಿತ್ರದ ನಿರ್ದೇಶಕರು ‘ಅಮ್ಮೋರು’, ‘ಅರುಂಧತಿ’ ಖ್ಯಾತಿಯ ಕೋಡಿ ರಾಮಕೃಷ್ಣ. ಅಷ್ಟು ಹೊತ್ತಿಗೆ ಮೊದಲ ‘ನಾಗರಹಾವು’ ಚಿತ್ರದ ನಾಯಕ ವಿಷ್ಣುವರ್ಧನ್ ತೀರಿಕೊಂಡು ಏಳು ವರ್ಷವಾಗುತ್ತ ಬಂದಿತ್ತು. ಅವರ ಮುಖವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬೇರೆಯವರ ದೇಹದ ಮೇಲಿಟ್ಟು ತೆರೆಗೆ ತಂದರು. ನಟನೇ ಇಲ್ಲದೆ ಸ್ಟಾರ್ ಪ್ರತ್ಯಕ್ಷವಾದ ಚಿತ್ರ ಅದು.

ಅರ್ಥವಿರುವ ಕಥೆಗೂ ಸ್ಟಾರ್ ಸಿನಿಮಾದ ಸಿದ್ಧಸೂತ್ರಕ್ಕೂ ಹೊಂದಾಣಿಕೆ ಸಾಧ್ಯವೇ ಎಂಬ ಚರ್ಚೆ ತೆಲುಗಿನಲ್ಲಿ ದಶಕಗಳಿಂದ ನಡೆದಿದೆ. ನಮಗೆ ಅದು ಪರರ ಮನೆಯ ಜಗಳವಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲೇ ತೆಲುಗು ಆಡುವವರು ಬಹಳ. ರಾಯದುರ್ಗ, ಕಲ್ಯಾಣದುರ್ಗ, ಮಡಕಶಿರಾಗಳೆಲ್ಲ ಬಸ್ಸಿಗೆ ಕೂತರೆ ಸಿಗುವ ಊರುಗಳು. ನಮ್ಮ ಹೊಸದುರ್ಗ ಈ ಜಿಲ್ಲೆಯ ಪಡುವಣ ಅಂಚಿನಲ್ಲಿದ್ದು ಕಡೂರು, ತರೀಕೆರೆಗಳ ಕಡೆಗೆ ಮುಖ ಮಾಡಿದೆ, ಹಾಗಾಗಿ ಇಲ್ಲಿ ತೆಲುಗು ಕಿವಿಗೆ ಬೀಳುವುದು ಕಡಿಮೆ. ಆದರೂ ದೊಡ್ಡ ತೆಲುಗು ಚಿತ್ರ ಬಿಡುಗಡೆಯಾದ ದಿನ ಇಲ್ಲಿನ ಹುಡುಗರ ವಾಟ್ಸಪ್ ಸ್ಟೇಟಸ್ ನೋಡಿದರೆ ಗಡಿ ಎಲ್ಲಿದೆ ಎಂದು ಗುರುತಿಸುವುದು ಕಷ್ಟ.

ಸಿದ್ಧಸೂತ್ರವನ್ನು ಹಳಿಯುವುದು ಸುಲಭ. ಹಾಡು, ಹೊಡೆದಾಟ, ಹಾಸ್ಯ, ತಾಯಿಯ ಕಣ್ಣೀರು ಇವೆಲ್ಲ ಕಥೆಯ ಶತ್ರುಗಳೆಂದು ಚಿತ್ರ ವಿಮರ್ಶೆ ಬಹುಕಾಲ ನಂಬಿತ್ತು. ನನಗೆ ಆ ನಂಬಿಕೆ ಇಲ್ಲ. ಕಾರಣ ‘ನಾಗರಹಾವು’.

ತಳುಕಿನ ಮನೆತನದ ತ.ರಾ.ಸು. ಬರೆದ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಆ ಚಿತ್ರ ಮಾಡಿದರು. ನಿರ್ಮಾಪಕರು ಎನ್. ವೀರಾಸ್ವಾಮಿ. ಮಾರುಕಟ್ಟೆಯ ಕಣ್ಣಿನಿಂದ ನೋಡಿದರೆ ಅದರಲ್ಲಿ ಇಲ್ಲದ ಮಸಾಲೆಯೇ ಇಲ್ಲ. ವಿಜಯಭಾಸ್ಕರ್ ಅವರ ಹಾಡುಗಳು ಇವತ್ತಿಗೂ ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿವೆ. ಹೊಡೆದಾಟವಿದೆ, ಸೈಕಲ್ ಮೇಲೆ ಬಂದು ಹುಡುಗಿಯನ್ನು ಕಾಡುವ ಜಲೀಲನಿದ್ದಾನೆ (ಅಂಬರೀಷ್ ಅವರ ಮೊದಲ ಪಾತ್ರ), ಒಂದಿಡೀ ಹಾಡು ನಿಧಾನಗತಿಯಲ್ಲಿ ತೇಲುತ್ತದೆ. ಕಥೆ ನಿಲ್ಲಿಸಿ, ಜಯಂತಿಯವರನ್ನು ಒನಕೆ ಓಬವ್ವನಾಗಿ ಕರೆತಂದು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತಲೆ ತೂರಿಸುವುದನ್ನು ಕೋಟೆಯಲ್ಲೇ ಚಿತ್ರಿಸಿದ ಹಾಡೊಂದಿದೆ. ನಾಯಕ ರಾಮಾಚಾರಿಯ ಕಥೆಗೆ ಅದು ಬೇಕೇ ಬೇಕು ಎಂದು ವಾದಿಸುವುದು ಕಷ್ಟ. ಆದರೆ ಅದನ್ನು ಕತ್ತರಿಸಿದ್ದರೆ ಈ ಜಿಲ್ಲೆಯವರು ಪುಟ್ಟಣ್ಣನವರನ್ನು ಕ್ಷಮಿಸುತ್ತಿರಲಿಲ್ಲ. ಕೋಟೆಗೆ ಹೋದ ಪ್ರವಾಸಿಗರು ಓಬವ್ವನ ಕಿಂಡಿಯ ಮುಂದೆ ನಿಂತಾಗ ನೆನೆಯುವುದು ಹೆಚ್ಚಾಗಿ ಆ ಹಾಡನ್ನೇ.

ಹೀಗೆ ಸಿದ್ಧಸೂತ್ರವೆಲ್ಲ ಇದ್ದೂ ಚಿತ್ರ ನಿಂತಿರುವುದು ಬೇರೆ ಕಡೆ. ಅದರ ಆರಂಭವನ್ನು ನೆನಪಿಸಿಕೊಳ್ಳಿ. ಇವತ್ತಿನ ಸ್ಟಾರ್ ಚಿತ್ರದಲ್ಲಿ ನಾಯಕನ ಎಂಟ್ರಿಗೆ ಒಂದು ವಿಧಿ ಇದೆ. ಮೊದಲು ಶೂ, ಆಮೇಲೆ ಬೆನ್ನು, ಆಮೇಲೆ ಮುಷ್ಟಿ. ಈ ನಡುವೆ ಖಳನ ಕಡೆಯವನೊಬ್ಬ ನಡುಗುತ್ತ “ಅವನು ಯಾರು ಅಂತ ಗೊತ್ತಾ?” ಎಂದು ಹೇಳಬೇಕು. ಕೊನೆಗೆ ಮುಖ, ಥಿಯೇಟರಿನಲ್ಲಿ ಹರಿದ ಪೇಪರಿನ ಮಳೆ. ‘ನಾಗರಹಾವು’ ಚಿತ್ರದಲ್ಲಿ ಕನ್ನಡದ ಮುಂದಿನ ದೊಡ್ಡ ಸ್ಟಾರ್ ಪ್ರೇಕ್ಷಕರ ಮುಂದೆ ಬಂದದ್ದು ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದು. ತಪ್ಪು ಅವನದೇ. ಕಾಲೇಜಿನಿಂದ ಹೊರಗೆ ಹಾಕಿದ್ದಕ್ಕೆ ಅವನು ಪ್ರಿನ್ಸಿಪಾಲರ ಮೇಲೆ ತೀರಿಸಿಕೊಳ್ಳುವ ಸೇಡೂ ತಪ್ಪೇ. ಅಲ್ಲಿಂದ ಮುಂದೆ ಅವನು ಎರಡು ಸಲ ಪ್ರೀತಿಸುತ್ತಾನೆ, ಎರಡು ಸಲವೂ ಅವನ ಗುರು ಚಾಮಯ್ಯ ಮೇಷ್ಟ್ರ ಮಾತು ಅಡ್ಡ ಬರುತ್ತದೆ. ಅಲಮೇಲುವನ್ನು ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಬಿಟ್ಟುಕೊಡುತ್ತಾನೆ, ಅವಳ ಬಾಳು ಹಾಳಾದುದನ್ನು ಕಣ್ಣಾರೆ ನೋಡುತ್ತಾನೆ. ಮಾರ್ಗರೆಟ್ಟಳ ವಿಷಯದಲ್ಲಿ ಬಿಡಲೊಲ್ಲೆ ಎಂದಾಗ ಬೆಟ್ಟದ ತುದಿಯಲ್ಲಿ ಮೇಷ್ಟ್ರ ಸಾವಿಗೆ ಅವನೇ ಕಾರಣನಾಗುತ್ತಾನೆ. ಕೊನೆಗೆ ತಾನೂ ಅವಳೊಂದಿಗೆ ಹಾರುತ್ತಾನೆ. ಗೆದ್ದದ್ದು ಏನೂ ಇಲ್ಲ. ಇಲ್ಲಿ ಹೊಡೆದಾಟ ಬಂದರೆ ಅದು ರಾಮಾಚಾರಿಯ ಮುಂಗೋಪದಿಂದ ಬರುತ್ತದೆ, ಹಾಡು ಬಂದರೆ ಅವನ ಹಂಬಲದಿಂದ. ಪಾತ್ರದ ದೋಷದಿಂದಲೇ ಮಸಾಲೆ ಹುಟ್ಟಿದೆ.

ಚಾಮಯ್ಯ ಮೇಷ್ಟ್ರನ್ನೂ ಚಿತ್ರ ದೇವರು ಮಾಡಲಿಲ್ಲ. ಕೆ.ಎಸ್. ಅಶ್ವಥ್ ಅವರ ಆ ಕನ್ನಡಕ, ಆ ಕೋಟು, ಕರುಳು ಹಿಂಡುವ ದನಿಯ ಹಿಂದೆ ಜಾತಿ ಮತಗಳ ಲಕ್ಷ್ಮಣರೇಖೆ ದಾಟಲಾರದ ಒಬ್ಬ ಒಳ್ಳೆಯ ಮನುಷ್ಯ ಇದ್ದಾನೆ. ಒಳ್ಳೆಯವನ ಮಾತು ಕೇಳಿಯೇ ಹುಡುಗ ಹಾಳಾದ ಎಂಬ ಈ ಕಹಿಯನ್ನು ಗಾಂಧಿನಗರ ಇವತ್ತು ಒಪ್ಪುತ್ತದೆಯೋ ಇಲ್ಲವೋ.

ಇಷ್ಟಾದರೂ ತ.ರಾ.ಸು. ಅವರಿಗೆ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ಬೇಸರಪಟ್ಟದ್ದು ಕನ್ನಡದಲ್ಲಿ ಗಾದೆಯಂತೆ ಉಳಿದಿದೆ. ಕಾದಂಬರಿ ಓದಿದವರಿಗೆ ಅವರ ಸಂಕಟ ಅರ್ಥವಾಗುತ್ತದೆ. ಆದರೆ ಮುಂದಿನ ಐವತ್ತು ವರ್ಷಗಳ ಸಿನಿಮಾ ನೋಡಿದವರಿಗೆ ಆ ಕೇರೆಹಾವಿನಲ್ಲೂ ಎಷ್ಟು ವಿಷ ಉಳಿದಿತ್ತು ಎನಿಸದೆ ಇರದು.

ಒಂದು ವಿಷಯ ಮರೆಯಬಾರದು. ವಿಷ್ಣುವರ್ಧನ್ ಆಗ ಸ್ಟಾರ್ ಆಗಿರಲಿಲ್ಲ. ಸಂಪತ್ ಕುಮಾರ್ ಎಂಬ ಮೂಲ ಹೆಸರಿನ ಆ ಹುಡುಗ ಅದಕ್ಕೆ ಮುಂಚೆ ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತರ ‘ವಂಶವೃಕ್ಷ’ದಲ್ಲಿ ಚಿಕ್ಕ ಪಾತ್ರ ಮಾಡಿ ಬಂದಿದ್ದ. ಅವನು ಸೋತರೆ, ಸತ್ತರೆ ಬೇಸರಗೊಳ್ಳಲು ಅಭಿಮಾನಿ ಸಂಘ ಇರಲಿಲ್ಲ. ಅದೇ ಕಥೆ 1974ರಲ್ಲಿ ತೆಲುಗಿನಲ್ಲಿ ಶೋಭನ್ ಬಾಬು ನಾಯಕರಾಗಿ ‘ಕೋಡೆ ನಾಗು’ ಆಯಿತು, ತಮಿಳಿನಲ್ಲಿ ‘ರಾಜ ನಾಗಂ’ ಆಯಿತು. ಹಿಂದಿಯಲ್ಲಿ ಪುಟ್ಟಣ್ಣನವರೇ ‘ಬಾಬಿ’ಯ ಯಶಸ್ಸಿನ ಬೆನ್ನಿಗಿದ್ದ ರಿಷಿ ಕಪೂರ್ ಅವರನ್ನು ಹಾಕಿಕೊಂಡು ‘ಜಹರೀಲಾ ಇನ್ಸಾನ್’ ಮಾಡಿದರು. ಹಿಂದಿಯದು ನೆಲಕಚ್ಚಿತು. ಅದಕ್ಕೆ ಕಾರಣ ಹಲವು ಇರಬಹುದು. ನನಗೆ ತೋರುವ ಒಂದು ಕಾರಣ, ‘ಬಾಬಿ’ಯ ಚಾಕೊಲೇಟ್ ಹುಡುಗನನ್ನು ಬುಸುಗುಡುವ ರಾಮಾಚಾರಿಯಾಗಿ ನೋಡಲು ಜನ ತಯಾರಿರಲಿಲ್ಲ ಎಂಬುದು. ಕನ್ನಡದಲ್ಲಿ ಸ್ಟಾರನ್ನು ಕಥೆ ಹುಟ್ಟಿಸಿತು, ಹಿಂದಿಯಲ್ಲಿ ಸ್ಟಾರ್ ಮೊದಲೇ ಬಂದು ಕೂತಿದ್ದರು.

ನಲವತ್ತೆರಡು ವರ್ಷದ ಮೇಲೆ ರಾಮಾಚಾರಿ ಮತ್ತೆ ಬಂದ. ಸಂತೋಷ್ ಆನಂದ್‌ರಾಮ್ ಅವರ ಚಿತ್ರದಲ್ಲಿ ಯಶ್ ಆ ಹೆಸರಿನ, ವಿಷ್ಣುವರ್ಧನ್ ಅಭಿಮಾನಿಯ ಪಾತ್ರ ಮಾಡಿದರು. ಚುರುಕಾದ, ಚೆಂದದ ಚಿತ್ರ, ದೊಡ್ಡ ಗೆಲುವು. ಅದರಲ್ಲಿ ರಾಮಾಚಾರಿಗೆ ಮುಂಗೋಪವಿದೆ, ಹಟವಿದೆ, ಪ್ರೀತಿಯಿದೆ, ಜೊತೆಗೆ ಹುಡುಗಿಯೂ ಸಿಗುತ್ತಾಳೆ. ಥಿಯೇಟರಿನಲ್ಲಿ ಜನ ಸಂತೋಷದಿಂದ ಎದ್ದು ಹೋದರು. ರಾಮಾಚಾರಿಯ ಹೆಸರು ಉಳಿದಿತ್ತು, ಅವನ ಬೆಟ್ಟದ ತುದಿ ಮಾತ್ರ ಚಿತ್ರಕಥೆಯಿಂದ ಮಾಯವಾಗಿತ್ತು.

ನನ್ನ ವಾದ ಇಷ್ಟೆ. ಸ್ಟಾರ್ ಚಿತ್ರವೊಂದರಲ್ಲಿ ಅರ್ಥ ಉಳಿದಿದೆಯೋ ಇಲ್ಲವೋ ತಿಳಿಯಲು ಹಾಡು, ಫೈಟು ಎಣಿಸಬೇಕಾಗಿಲ್ಲ. ನಾಯಕ ತಪ್ಪು ಮಾಡಬಹುದೇ, ಆ ತಪ್ಪಿಗೆ ಬೆಲೆ ತೆರುತ್ತಾನೆಯೇ, ಸೋಲಬಹುದೇ ಎಂದು ಕೇಳಿದರೆ ಸಾಕು.

ಹಿಂದಿನ ಸ್ಟಾರ್‌ಗಳಿಗೆ ಆ ಸ್ವಾತಂತ್ರ್ಯ ಇತ್ತು. ರಾಜ್‌ಕುಮಾರ್ ‘ಕಸ್ತೂರಿ ನಿವಾಸ’ದಲ್ಲಿ (1971) ಕೊಟ್ಟು ಕೊಟ್ಟು ಬರಿಗೈಯಾಗಿ ಸತ್ತರು. ‘ಬಂಗಾರದ ಮನುಷ್ಯ’ದಲ್ಲಿ (1972) ತಾನೇ ಕಟ್ಟಿದ ಮನೆಯಿಂದ ಅವಮಾನ ಹೊತ್ತು ನಡೆದುಹೋದರು. ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ‘ದೇವದಾಸು’ (1953) ಆಗಿ ಕುಡಿದು ಕುಡಿದು ಸಾಯುವುದನ್ನು ಒಂದು ತಲೆಮಾರೇ ಅಳುತ್ತ ನೋಡಿತು. ಇದಕ್ಕೆ ಪೌರಾಣಿಕಗಳ ಆಸರೆ ದೊಡ್ಡದು ಎಂದು ನನಗನ್ನಿಸುತ್ತದೆ. ಎನ್.ಟಿ. ರಾಮರಾವ್ ‘ದಾನವೀರಶೂರ ಕರ್ಣ’ದಲ್ಲಿ (1977) ಕೃಷ್ಣನಾಗಿ ನಿಂತ ಮೈಯಲ್ಲೇ ಕರ್ಣನೂ ದುರ್ಯೋಧನನೂ ಆದರು. ಅದೇ ವರ್ಷ ರಾಜ್‌ಕುಮಾರ್ ‘ಬಭ್ರುವಾಹನ’ದಲ್ಲಿ ಮಗನೂ ಆಗಿ, ಮಗನ ಬಾಣಕ್ಕೆ ಉರುಳುವ ಅರ್ಜುನನೂ ಆದರು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅವರೇ ಹಿರಣ್ಯಕಶಿಪು, ನರಸಿಂಹನ ತೊಡೆಯ ಮೇಲೆ ಹೊಟ್ಟೆ ಬಗೆಸಿಕೊಂಡವರು. ಬಯಲಾಟ, ಕಂಪನಿ ನಾಟಕ ನೋಡಿ ಬೆಳೆದ ಪ್ರೇಕ್ಷಕನಿಗೆ ಇದರಲ್ಲಿ ಅಪಚಾರ ಕಾಣಲಿಲ್ಲ. ದುರ್ಯೋಧನ ಪಾತ್ರಧಾರಿ ಬಿದ್ದ ರಾತ್ರಿಯೇ ಅವನಿಗೆ ಹೆಚ್ಚು ಮುಯ್ಯಿ ಬೀಳುತ್ತಿತ್ತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಪೌರಾಣಿಕ ಚಿತ್ರಗಳು ಬಹುಮಟ್ಟಿಗೆ ನಿಂತವು. ಅವುಗಳ ಜೊತೆ ಸ್ಟಾರ್‌ಗಿದ್ದ ಈ ಸೋಲುವ ಸಲಿಗೆಯೂ ಹೋಯಿತು.

ಹೋದದ್ದಕ್ಕೆ ಲೆಕ್ಕಾಚಾರದ ಕಾರಣವೂ ಇದೆ. ಚಿತ್ರ ನೂರು ದಿನ ಓಡಿದರೆ ಮಾತ್ರ ಹಣ ಎಂದಿದ್ದಾಗ ಬಾಯಿಮಾತು ಮುಖ್ಯವಾಗಿತ್ತು. ಕಥೆ ಹಿಡಿಸಿದವರು ಎರಡನೇ ವಾರಕ್ಕೆ ಅಕ್ಕಪಕ್ಕದವರನ್ನು ಕಳಿಸುತ್ತಿದ್ದರು, ನಾಲ್ಕನೇ ವಾರಕ್ಕೆ ಹಳ್ಳಿಯವರು ಎತ್ತಿನಗಾಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬರುತ್ತಿದ್ದರು. ಈಗ ಹಣ ಮೊದಲ ಮೂರು ದಿನದಲ್ಲಿ ಬರಬೇಕು. ಬಿಡುಗಡೆಗೆ ಮುಂಚೆಯೇ ಏರಿಯಾ ಹಕ್ಕು ಮಾರಿ ಹೋಗಿರುತ್ತದೆ. ಕನ್ನಡದಲ್ಲಿ ಬಿ.ಕೆ.ಟಿ. (ಬೆಂಗಳೂರು-ಕೋಲಾರ-ತುಮಕೂರು), ಚಿತ್ರದುರ್ಗ-ದಾವಣಗೆರೆ, ಹೈದರಾಬಾದ್ ಕರ್ನಾಟಕ ಎಂಬ ಹಾಗೆ, ತೆಲುಗಿನಲ್ಲಿ ನೈಜಾಂ, ಸೀಡೆಡ್, ಆಂಧ್ರ ಎಂಬ ಹಾಗೆ ವ್ಯಾಪಾರ. ಆ ಹೊತ್ತಿನಲ್ಲಿ ವಿತರಕ ಕೊಳ್ಳುವುದು ಕಥೆಯನ್ನಲ್ಲ, ಅದನ್ನು ಅವನು ಇನ್ನೂ ನೋಡಿಯೇ ಇರುವುದಿಲ್ಲ. ಅವನು ಕೊಳ್ಳುವುದು ಹೆಸರನ್ನು. ಟಿವಿ ಮತ್ತು ಓಟಿಟಿ ಹಕ್ಕಿನ ಬೆಲೆಯೂ ಹೆಸರಿನ ಮೇಲೆಯೇ. ಮೊದಲ ಮೂರು ದಿನ ಬರುವವನು ಅಭಿಮಾನಿ, ಅವನು ಗೆಲುವು ನೋಡಲು ದುಡ್ಡು ಕೊಟ್ಟಿದ್ದಾನೆ. ಒಂದೋ ಎರಡೋ ಥಿಯೇಟರ್ ಇರುವ ಹೊಸದುರ್ಗದಂಥ ಊರಿನಲ್ಲಿ ಮುಂದಿನ ಶುಕ್ರವಾರ ಬೇರೆ ಚಿತ್ರ ಬಂದು ಕೂರುತ್ತದೆ. ನಿಧಾನವಾಗಿ ಹಿಡಿಸುವ ಕಥೆಗೆ ಹಿಡಿಸುವಷ್ಟು ದಿನವೇ ಸಿಗುವುದಿಲ್ಲ. ಮಂಡ್ಯ ಸೀಮೆಯ ಹಳ್ಳಿಯವರನ್ನೇ ನಟರನ್ನಾಗಿಸಿ ಮಾಡಿದ ‘ತಿಥಿ’ಯಂಥ ಚಿತ್ರದ ಬಗ್ಗೆ ಇಲ್ಲಿನವರು ಪೇಪರಿನಲ್ಲಿ ಓದಿ, ಆಮೇಲೆ ಫೋನಿನಲ್ಲಿ ನೋಡುತ್ತಾರೆ.

ತೆಲುಗಿನವರು ಈ ಬಿಕ್ಕಟ್ಟನ್ನು ನಮಗಿಂತ ಮೊದಲೇ, ನಮಗಿಂತ ದೊಡ್ಡ ಮೊತ್ತದಲ್ಲಿ ಎದುರಿಸಿದವರು. ಚಿರಂಜೀವಿಯವರ ಉದಾಹರಣೆ ಸಾಕು. ‘ಖೈದಿ’ (1983) ಅವರನ್ನು ಮಾಸ್ ಹೀರೋ ಮಾಡಿತು. ಆ ಉತ್ತುಂಗದಲ್ಲೇ ಅವರು ಕೆ. ವಿಶ್ವನಾಥ್ ಅವರ ‘ಸ್ವಯಂಕೃಷಿ’ಯಲ್ಲಿ (1987) ಚಪ್ಪಲಿ ಹೊಲಿಯುವವನಾದರು, ಮರುವರ್ಷ ಬಾಲಚಂದರ್ ಅವರ ‘ರುದ್ರವೀಣ’ ಮಾಡಿದರು. ಅದರಲ್ಲಿ ಶಾಸ್ತ್ರೀಯ ಸಂಗೀತದ ವಿದ್ವಾಂಸನ ಮಗ ಅಪ್ಪನ ಮಡಿಯನ್ನು ಪ್ರಶ್ನಿಸಿ ಹಳ್ಳಿಯ ಕುಡಿತದ ವಿರುದ್ಧ ನಿಲ್ಲುತ್ತಾನೆ. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು, ಗಲ್ಲಾಪೆಟ್ಟಿಗೆಯಲ್ಲಿ ಹೊಡೆತ ಬಿತ್ತು. ನಿರ್ಮಾಪಕರು ಅವರ ತಮ್ಮನೇ. ನಷ್ಟ ಮನೆಯೊಳಗೇ ಬಿದ್ದಾಗ ಸ್ಟಾರ್‌ಗೆ ಸಿಗುವ ಪಾಠ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಾಠವನ್ನು ಚೆನ್ನಾಗಿ ಕಲಿತ ಚಿತ್ರ ‘ವಕೀಲ್ ಸಾಬ್’ (2021). ಮೂಲ ಹಿಂದಿಯ ‘ಪಿಂಕ್’ (2016). ಅದು ಮೂವರು ಹೆಣ್ಣುಮಕ್ಕಳ ಕಥೆ, ವಯಸ್ಸಾದ, ಮನಸ್ಸು ಕದಡಿದ ವಕೀಲನೊಬ್ಬ ಅವರ ಪರ ನಿಲ್ಲುತ್ತಾನೆ. ಬೇಡ ಎಂದರೆ ಬೇಡ ಎಂಬುದನ್ನು ಕೋರ್ಟಿನಲ್ಲಿ ಸಾಬೀತುಪಡಿಸುವ ಪರಿಸ್ಥಿತಿಯೇ ಅದರ ನೋವು. ತಮಿಳಿನಲ್ಲಿ ಅಜಿತ್‌ಗಾಗಿ ಅದಕ್ಕೆ ಫೈಟು, ಫ್ಲ್ಯಾಶ್‌ಬ್ಯಾಕ್ ಸೇರಿತು. ತೆಲುಗಿನಲ್ಲಿ ಪವನ್ ಕಲ್ಯಾಣ್‌ಗಾಗಿ ಇನ್ನಷ್ಟು ಸೇರಿತು. ಹುಡುಗಿಯರ ಭಯದಿಂದ ನಮ್ಮ ಗಮನ ವಕೀಲರ ಮಹಿಮೆಯ ಕಡೆಗೆ ಜಾರುತ್ತದೆ. ಆದರೂ ಇದನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಪವನ್ ಹೆಸರಿಲ್ಲದಿದ್ದರೆ ಆ ಕೋರ್ಟಿನ ವಾದವನ್ನು ಕೇಳಲು ಅನಂತಪುರದ ಹುಡುಗರು ಥಿಯೇಟರಿಗೆ ಬರುತ್ತಿದ್ದರೇ? ಬಂದವರು ಎಂಟ್ರಿಗೆ ವಿಸಲ್ ಹೊಡೆದು, ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿದ್ದರೆ ಅದೂ ಸಣ್ಣ ಸಾಧನೆಯಲ್ಲ.

ಇದೇ ಚರ್ಚೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸುಕುಮಾರ್ ಅವರ ‘ರಂಗಸ್ಥಲಂ’ (2018). ರಾಮ್‌ಚರಣ್ ಅಲ್ಲಿ ಕಿವಿ ಮಂದವಾದ ಚಿಟ್ಟಿಬಾಬು. ಮೋಟರು ಹಚ್ಚಿ ಹೊಲಗಳಿಗೆ ನೀರು ಹಾಯಿಸುವವನು. ಹಾಡಿದೆ, ಐಟಂ ಸಾಂಗಿದೆ, ಬಡಿದಾಟವಿದೆ. ಆದರೆ ಸಾಯುತ್ತಿರುವ ಅಣ್ಣ ಹೇಳುವ ಮಾತು ಅವನ ಕಿವಿಗೆ ಬೀಳುವುದಿಲ್ಲ. ಸ್ಟಾರ್‌ನ ಕೊರತೆಯೇ ಕಥೆಯ ಕೀಲು. ಚಿತ್ರ ಭರ್ಜರಿಯಾಗಿ ಓಡಿತು. ಸಿದ್ಧಸೂತ್ರವೂ ಉಳಿದು ಕಥೆಯೂ ಉಳಿಯಬಲ್ಲದು ಎಂಬುದಕ್ಕೆ ಇತ್ತೀಚಿನ ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಇದರ ಎದುರಿಗೆ ಬಣಗಳ ಹಗೆತನದ, ಅಂದರೆ ಫ್ಯಾಕ್ಷನ್ ಚಿತ್ರಗಳನ್ನಿಟ್ಟು ನೋಡಬೇಕು. 1999ರ ‘ಸಮರಸಿಂಹಾರೆಡ್ಡಿ’ಯಿಂದ ಶುರುವಾದ ಆ ಅಲೆಯಲ್ಲಿ ರಾಯಲಸೀಮೆ ಎಂದರೆ ಗಾಳಿಯಲ್ಲಿ ಹಾರುವ ಸುಮೋ, ತೊಡೆ ತಟ್ಟುವ ರೆಡ್ಡಿ, ನೆಲಕ್ಕೆ ಬಡಿದ ಕೊಡಲಿ ಎಂದಾಯಿತು. ಆ ಸೀಮೆ ನಮ್ಮ ನೆರೆ. ಅಲ್ಲಿನ ಬರವೂ ನಮ್ಮ ಬರವೂ ಒಂದೇ ಮೋಡದ್ದು. ಇಲ್ಲಿಂದ ಹರಿದ ವೇದಾವತಿ ಅಲ್ಲಿಗೂ ಹೋಗುತ್ತದೆ. ಫ್ಯಾಕ್ಷನ್ನಿನಲ್ಲಿ ಗಂಡನನ್ನು, ಮಗನನ್ನು ಕಳೆದುಕೊಂಡ ಹೆಂಗಸರ ಕಥೆ ಆ ಚಿತ್ರಗಳಲ್ಲಿ ಸ್ಟಾರ್‌ನ ಮೀಸೆಗೆ ಹಿನ್ನೆಲೆಯಾಗಿ ಹೋಯಿತು. ನಮ್ಮಲ್ಲೂ ಭದ್ರಾ ಮೇಲ್ದಂಡೆಯ ನೀರಿಗೆ ಕಾಯುತ್ತ ಕೂತ ರೈತನ ಮೇಲೆ ಒಂದು ದೊಡ್ಡ ಸ್ಟಾರ್ ಚಿತ್ರ ಬಂದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಹಾಗೆಂದ ಕೂಡಲೇ ‘ಮೆಸೇಜ್ ಇರುವ’ ಸ್ಟಾರ್ ಚಿತ್ರಗಳನ್ನು ಮುಂದಿಡುತ್ತಾರೆ. ಮಹೇಶ್ ಬಾಬು ಊರನ್ನು ದತ್ತು ತೆಗೆದುಕೊಂಡ ‘ಶ್ರೀಮಂತುಡು’ (2015), ಪುನೀತ್ ಅವರ ‘ರಾಜಕುಮಾರ’ (2017) ಮುಂತಾದವು. ಇವುಗಳ ಒಳ್ಳೆಯತನದ ಬಗ್ಗೆ ತಕರಾರಿಲ್ಲ. ‘ರಾಜಕುಮಾರ’ ನೋಡಿ ವೃದ್ಧಾಶ್ರಮದಲ್ಲಿದ್ದವರನ್ನು ನೆನೆದು ಅತ್ತವರು ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಸಂದೇಶ ಬೇರೆ, ಅರ್ಥ ಬೇರೆ. ಸಂದೇಶದ ಚಿತ್ರದಲ್ಲಿ ನಾಯಕನಿಗೆ ಮೊದಲ ರೀಲಿನಲ್ಲೇ ಎಲ್ಲ ಗೊತ್ತಿರುತ್ತದೆ, ಊರಿನವರಿಗೆ ಕೊನೆಯ ರೀಲಿನಲ್ಲಿ ತಿಳಿಸುತ್ತಾನೆ. ಅವನೇ ಏನನ್ನೂ ಕಲಿಯುವುದಿಲ್ಲ. ಪುನೀತ್ ಅವರದೇ ‘ಪೃಥ್ವಿ’ (2010) ನನಗೆ ಇದಕ್ಕಿಂತ ಮೇಲೆನಿಸುತ್ತದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಸುದ್ದಿಯಲ್ಲಿ ಉರಿಯುತ್ತಿದ್ದ ದಿನಗಳಲ್ಲೇ ಬಂದ ಆ ಚಿತ್ರದಲ್ಲಿ ಜಿಲ್ಲಾಧಿಕಾರಿಯ ಎದುರು ಇದ್ದದ್ದು ಒಬ್ಬ ಖಳ ಮಾತ್ರವಲ್ಲ, ಒಂದು ವ್ಯವಸ್ಥೆ. ಅದರ ಧೂಳು ಮೊಳಕಾಲ್ಮೂರಿನವರಿಗೆ ದೂರದ್ದೇನಲ್ಲ.

ಸೋಲೂ ಒಂದು ಸೂತ್ರವಾಗಿಬಿಡಬಹುದು ಎಂಬ ಎಚ್ಚರ ಬೇಕು. ‘ಮುಂಗಾರು ಮಳೆ’ (2006) ಬಂದಾಗ ಹುಡುಗಿಯನ್ನು ಬಿಟ್ಟುಕೊಟ್ಟ ಪ್ರೀತಂ ಹೊಸಬನಾಗಿ ಕಂಡ. ಮುಂದಿನ ಕೆಲವು ವರ್ಷ ಕನ್ನಡದಲ್ಲಿ ಮಳೆ ಸುರಿದಾಗಲೆಲ್ಲ ಯಾರೋ ಒಬ್ಬ ತ್ಯಾಗ ಮಾಡುತ್ತಿದ್ದ. ಅದು ತ.ರಾ.ಸು. ತೋರಿಸಿದ ಸೋಲಲ್ಲ, ಸೋಲಿನ ವೇಷ ಹಾಕಿದ ಗೆಲುವು. ಪ್ರೇಕ್ಷಕನ ಕರುಣೆ ಪೂರಾ ನಾಯಕನಿಗೇ ಸಂದಾಯ.

ತ.ರಾ.ಸು. ಹೆಸರು ಮತ್ತೆ ಬಂತಾದ್ದರಿಂದ ಇನ್ನೊಂದು ಮಾತು. ಒಬ್ಬನೇ ಲೇಖಕನ ಕಾದಂಬರಿಗಳು ಸಿನಿಮಾದ ಎಲ್ಲ ದಾರಿಗಳಲ್ಲೂ ನಡೆದಿವೆ. ರಾಜ್‌ಕುಮಾರ್ ನಟಿಸಿದ ‘ಚಂದವಳ್ಳಿಯ ತೋಟ’ಕ್ಕೆ (1964) ರಾಷ್ಟ್ರಪ್ರಶಸ್ತಿ ಬಂತು. ‘ಹಂಸಗೀತೆ’ಯನ್ನು 1975ರಲ್ಲಿ ಜಿ.ವಿ. ಅಯ್ಯರ್ ಅನಂತನಾಗ್ ಅವರೊಂದಿಗೆ ಚಿತ್ರವಾಗಿಸಿದರು. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಆ ಕಥೆಗೆ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಸಂದಿತು. 1993ರಲ್ಲಿ ನಾಗಾಭರಣ ಅವರು ತ.ರಾ.ಸು. ಕಾದಂಬರಿಗಳಿಂದ ರಾಜ್‌ಕುಮಾರ್‌ಗಾಗಿ ‘ಆಕಸ್ಮಿಕ’ ಹೆಣೆದರು, ಅದರ ನಾಡಿನ ಹಾಡು ಇವತ್ತಿಗೂ ರಾಜ್ಯೋತ್ಸವದ ಮೈಕಿನಲ್ಲಿ ಬಾರದೆ ಇರದು. ಒಳ್ಳೆಯ ಕಥೆಗೆ ಕಲಾತ್ಮಕ, ವ್ಯಾಪಾರಿ ಎಂಬ ಜಾತಿ ಹುಟ್ಟಿನಿಂದ ಬರುವುದಿಲ್ಲ, ಕೈ ಹಾಕಿದವರ ಮೇಲೆ ಅದು ತೀರ್ಮಾನವಾಗುತ್ತದೆ.

ಸ್ಟಾರ್‌ಗಿರಿಯ ಹಣವೇ ಕಥೆಯ ಕಡೆಗೆ ಹರಿದ ಅಪರೂಪದ ಪ್ರಸಂಗವೂ ಕನ್ನಡ-ತೆಲುಗುಗಳ ನಡುವೆಯೇ ನಡೆದಿದೆ. ಸೌಂದರ್ಯ ಕನ್ನಡದ ಹುಡುಗಿ, ತೆಲುಗಿನ ದೊಡ್ಡ ಸ್ಟಾರ್. ವೆಂಕಟೇಶ್, ಚಿರಂಜೀವಿ ಜೊತೆ ಸಾಲು ಸಾಲು ಗೆದ್ದ ಚಿತ್ರಗಳಿದ್ದಾಗ ಅವರು ತಾವೇ ನಿರ್ಮಾಪಕಿಯಾಗಿ, ನಾ. ಡಿಸೋಜ ಅವರ ಕಾದಂಬರಿ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿಯವರಿಂದ ಮಾಡಿಸಿ ನಾಗಿಯ ಪಾತ್ರದಲ್ಲಿ ನಟಿಸಿದರು. ಅಣೆಕಟ್ಟಿನ ಹಿನ್ನೀರು ಏರುತ್ತಿರುವಾಗ ಮನೆ ಬಿಡದ ಕುಟುಂಬದ ಕಥೆ ಅದು. ವಾಣಿವಿಲಾಸ ಸಾಗರದ ಹಿನ್ನೀರು ಹೊಸದುರ್ಗ ತಾಲ್ಲೂಕಿಗೇ ಚಾಚಿಕೊಂಡಿರುವುದರಿಂದ ನಮಗೆ ಆ ನೀರಿನ ಪರಿಚಯವಿದೆ. ‘ದ್ವೀಪ’ಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿಯೇ ಬಂತು. ತೆಲುಗು ಮಾಸ್ ಚಿತ್ರಗಳ ಸಂಭಾವನೆ ಒಂದು ಕನ್ನಡ ಕಲಾತ್ಮಕ ಚಿತ್ರವಾಯಿತು. ಅಷ್ಟೇ ಎತ್ತರದಲ್ಲಿದ್ದ ಗಂಡು ಸ್ಟಾರ್‌ಗಳಲ್ಲಿ ಎಷ್ಟು ಮಂದಿ ಇಂಥ ಕೆಲಸಕ್ಕೆ ಕೈ ಹಾಕಿದರು ಎಂದು ಕೇಳಬೇಕೆನಿಸುತ್ತದೆ.

‘ಕೆ.ಜಿ.ಎಫ್.’ (2018, 2022) ಬಂದ ಮೇಲೆ ಚರ್ಚೆಯ ದಿಕ್ಕೇ ಬದಲಾಯಿತು. ತೆಲುಗಿನಿಂದ ಸೂತ್ರ ತರುತ್ತಿದ್ದ ನಾವು ತೆಲುಗಿಗೇ ನಿರ್ದೇಶಕರನ್ನು ಕಳಿಸುವಂತಾದೆವು. ಅದರ ನಿರ್ದೇಶಕ ಪ್ರಶಾಂತ್ ನೀಲ್ ‘ಸಲಾರ್’ (2023) ಮಾಡಿದರು. ಬಿಲ್ಡಪ್ ಎಂಬುದನ್ನು ಅವರಷ್ಟು ಶುದ್ಧವಾಗಿ ಯಾರೂ ಮಾಡಿಲ್ಲ. ‘ಕೆ.ಜಿ.ಎಫ್.’ನ ಎರಡು ಭಾಗಗಳ ಉದ್ದಕ್ಕೂ ಪ್ರತಿಯೊಬ್ಬ ಪಾತ್ರಧಾರಿಯೂ ನಾಯಕ ರಾಕಿಯನ್ನು ವರ್ಣಿಸುವುದರಲ್ಲೇ ಇರುತ್ತಾನೆ. ನಿಜವಾದ ಕೋಲಾರದ ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡ ಕಾರ್ಮಿಕ ಅಲ್ಲಿ ಗುಂಪಿನಲ್ಲೊಬ್ಬ. ಇದಕ್ಕೆ ಹೋಲಿಸಿದರೆ ‘ಕಾಂತಾರ’ (2022) ಜಾಣ ಚಿತ್ರ. ಕಂಬಳದ ಎಂಟ್ರಿ, ಫೈಟು, ಹಾಡು ಎಲ್ಲವೂ ಪುಸ್ತಕದ ಪ್ರಕಾರವೇ ಇವೆ, ಹುಡುಗಿಯ ಜೊತೆ ನಾಯಕ ನಡೆದುಕೊಳ್ಳುವ ರೀತಿ ನನಗೂ ಹಿಡಿಸಲಿಲ್ಲ. ಆದರೆ ಅದರ ನಾಯಕ ಶಿವ ಹೊಣೆ ತಪ್ಪಿಸಿಕೊಂಡು ಓಡುವವನು, ಯಾರನ್ನು ನಂಬಬಾರದೋ ಅವರನ್ನು ನಂಬಿದವನು. ಕೊನೆಯ ಗೆಲುವು ಅವನದಲ್ಲ, ಅವನ ಮೈಮೇಲೆ ಬಂದ ದೈವದ್ದು. ನಾಯಕ ತನ್ನ ಜಾಗ ಖಾಲಿ ಮಾಡಿಕೊಟ್ಟಾಗಲೇ ಥಿಯೇಟರು ನಿಶ್ಶಬ್ದವಾಯಿತು. 2025ರ ‘ಸು ಫ್ರಮ್ ಸೋ’ ಒಬ್ಬ ಸ್ಟಾರೂ ಇಲ್ಲದೆ ಬರೀ ಬಾಯಿಮಾತಿನಿಂದ ಗೆದ್ದಿತು. ಹಳೆಯ ನೂರು ದಿನದ ಕಾಲದ ಯಂತ್ರ ಪೂರ್ತಿ ತುಕ್ಕು ಹಿಡಿದಿಲ್ಲ.

“ಜನ ಕೇಳುವುದೇ ಇದನ್ನು” ಎಂಬ ನಿರ್ಮಾಪಕರ ಮಾತನ್ನು ಹೊಸದುರ್ಗದಲ್ಲಿ ನಿಂತು ಒಪ್ಪುವುದು ಸ್ವಲ್ಪ ಕಷ್ಟ. ಇದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಕಟ್ಟಿದ ‘ಶಿವಸಂಚಾರ’ ತಂಡ 1997ರಿಂದ ವರ್ಷವರ್ಷವೂ ಹೊಸ ನಾಟಕಗಳನ್ನು ಹೊತ್ತು ರಾಜ್ಯ ತಿರುಗುತ್ತಿದೆ. ನಾಟಕೋತ್ಸವದ ದಿನಗಳಲ್ಲಿ ಅಲ್ಲಿನ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಶಾಲು, ಮಫ್ಲರು ಸುತ್ತಿಕೊಂಡು ಕೂರುವವರು ಸುತ್ತಲಿನ ಹಳ್ಳಿಗಳ ರೈತರು, ಹೆಂಗಸರು, ಶಾಲೆ ಮಕ್ಕಳು. ಹಾಡಿಗೆ ತಲೆದೂಗುತ್ತಾರೆ, ಹಾಸ್ಯಕ್ಕೆ ಗೊಳ್ಳೆನ್ನುತ್ತಾರೆ, ದುರಂತವನ್ನೂ ಕೊನೆಯವರೆಗೆ ನೋಡುತ್ತಾರೆ. ಅಲ್ಲಿ ಇವತ್ತು ರಾಜನಾದವನು ನಾಳೆಯ ನಾಟಕದಲ್ಲಿ ಸೇವಕ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಾಣೇಹಳ್ಳಿಗೆ ಮಠದ ಬೆಂಬಲವಿದೆ, ಬಡ್ಡಿ ಕಟ್ಟುವ ನಿರ್ಮಾಪಕನ ಕಷ್ಟ ಅಲ್ಲಿಲ್ಲ ಎಂಬುದು ನಿಜ. ಹಾಗಾಗಿ ಅದನ್ನು ಸಿನಿಮಾಕ್ಕೆ ಮಾದರಿಯಾಗಿ ಹಿಡಿಯಲಾಗದು. ಆದರೆ ಶುಕ್ರವಾರ ವಿಸಲ್ ಹೊಡೆಯುವವರೂ ಆ ಮೆಟ್ಟಿಲ ಮೇಲೆ ಕೂರುವವರೂ ಬಹುಮಟ್ಟಿಗೆ ಒಂದೇ ಜನ.

ಇನ್ನು ಮದಕರಿ ನಾಯಕನ ವಿಚಾರ. ಪೊಲೀಸ್ ಮದಕರಿಯಲ್ಲ, ದುರ್ಗವನ್ನು ಆಳಿದ ನಿಜವಾದ ಮದಕರಿ. 2018ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶನದಲ್ಲಿ ದರ್ಶನ್ ಆ ಪಾತ್ರ ಮಾಡುವ ಸುದ್ದಿ ಬಂತು, ಸುದೀಪ್ ಕೂಡ ತಮ್ಮದೊಂದು ಮದಕರಿ ಚಿತ್ರದ ಮಾತೆತ್ತಿದರು. ಚಿತ್ರಕಥೆ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಯಾರು ಮದಕರಿಯಾಗಬೇಕು ಎಂಬುದರ ಮೇಲೆ ಅಭಿಮಾನಿಗಳ ನಡುವೆ, ಸಮುದಾಯದ ಮುಖಂಡರ ನಡುವೆ ತಿಂಗಳುಗಟ್ಟಲೆ ವಾದ ನಡೆಯಿತು. ಮುಂದೆ ಒಂದಕ್ಕೆ ಮುಹೂರ್ತವೂ ಆಯಿತು, ತೆರೆಗೆ ಮಾತ್ರ ಎರಡೂ ಬಂದಿಲ್ಲ.

ಇತಿಹಾಸದ ಮದಕರಿ 1779ರಲ್ಲಿ ಹೈದರನಿಗೆ ಕೋಟೆ ಕಳೆದುಕೊಂಡು, ಸೆರೆಯಾಗಿ, ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟವನು. ತ.ರಾ.ಸು. ತಮ್ಮ ಕೊನೆಯ ಕಾದಂಬರಿ ‘ದುರ್ಗಾಸ್ತಮಾನ’ದಲ್ಲಿ ಆ ಪತನವನ್ನು ಮುಚ್ಚುಮರೆಯಿಲ್ಲದೆ ಬರೆದರು, ಅವರು ತೀರಿಕೊಂಡ ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮದಕರಿಯ ಚಿತ್ರ ಎಂದಾದರೂ ಆಗುವುದಾದರೆ, ಯಾರೇ ನಾಯಕರಾಗಲಿ, ಎಂಟ್ರಿ ಭರ್ಜರಿಯಾಗಿಯೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಕೋಟೆಯ ಬಾಗಿಲು ಮುರಿದ ಮೇಲಿನ ರೀಲುಗಳನ್ನು ಏನು ಮಾಡುತ್ತಾರೆ ಎಂಬುದಷ್ಟೇ ನನಗಿರುವ ಕುತೂಹಲ.